ಓವನ್ ಬೇಡದ ಭೂತಬಂಗಲೆ: ಹ್ಯಾಲೊವೀನ್ ಕುಕೀ ಕಿಟ್ ಕೊಳ್ಳಬಹುದೆ?

ಸೆಪ್ಟೆಂಬರ್ ಮುಗಿಯುವ ಮೊದಲೇ ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಕಿತ್ತಳೆ ಮತ್ತು ಕಪ್ಪು ಬಣ್ಣದ ಡಬ್ಬಗಳನ್ನು ಎದೆಯೆತ್ತರಕ್ಕೆ ಪೇರಿಸಿಡುತ್ತಾರೆ. ಅಕ್ಟೋಬರ್ 31ರಂದು ಮಕ್ಕಳು ದೆವ್ವದ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೊವೀನ್‌ಗಾಗಿ ಬರುವ ಈ ಸರಕಿನಲ್ಲಿ ನಮ್ಮ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಕುಕೀ ಭೂತಬಂಗಲೆಯ ಕಿಟ್. ಗೋಡೆ, ಚಾವಣಿಗಳನ್ನು ಕಾರ್ಖಾನೆಯಲ್ಲೇ ಬೇಯಿಸಿ ತುಂಬಿರುತ್ತಾರೆ. ಮನೆಯಲ್ಲಿ ಅವನ್ನು ಐಸಿಂಗಿನಿಂದ ಅಂಟಿಸಿ ಅಲಂಕರಿಸಿದರಾಯಿತು, ಓವನ್ನಿನ ಗೋಜಿಲ್ಲ. ನ್ಯೂಜೆರ್ಸಿಯ ನಮ್ಮ ಮನೆಗೆ 2024ರಲ್ಲಿ ಇಂಥದೊಂದು ಕಿಟ್ಟನ್ನು 15 ಡಾಲರಿಗೆ ತಂದೆವು. 2025ರಲ್ಲಿ ಅಷ್ಟೇ ಹಣಕ್ಕೆ ಬಿಡಿ ಸಾಮಾನು ತಂದು ಮಕ್ಕಳೊಂದಿಗೆ ಬೇರೆ ತಿನಿಸುಗಳನ್ನು ಮಾಡಿದೆವು. ಕಂಪನಿಯನ್ನು ಹೆಸರಿಸುತ್ತಿಲ್ಲ, ನಾನು ತಿರುಗಿಸಿ ನೋಡಿದ ಮೂರು ನಾಲ್ಕು ಡಬ್ಬಗಳಲ್ಲಿ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ಆಗಿತ್ತು.

ನಮ್ಮ ಡಬ್ಬದಲ್ಲಿ ಇದ್ದದ್ದು ಚಾಕೊಲೇಟ್ ಬಣ್ಣದ ಆರು ಕುಕೀ ಹಲಗೆಗಳು, ಬೆರಳುದ್ದದ ಎರಡು ದೆವ್ವದ ಕುಕೀಗಳು, ಒಂದು ಚೀಲ ಬಿಳಿ ಐಸಿಂಗ್, ಮೂರು ಪುಟ್ಟ ಪೊಟ್ಟಣಗಳಲ್ಲಿ ಬಣ್ಣದ ಮಿಠಾಯಿ, ಸಕ್ಕರೆಯಿಂದ ಮಾಡಿದ ಕಣ್ಣುಗಳು ಮತ್ತು ಗೋಡೆ ನಿಲ್ಲಿಸಲು ಗೀರು ಮಾಡಿದ ಪ್ಲಾಸ್ಟಿಕ್ ತಟ್ಟೆ. ಒಂದು ಗೋಡೆ ಡಬ್ಬದಲ್ಲೇ ಓರೆಯಾಗಿ ಮುರಿದಿತ್ತು. ಅದನ್ನು ಐಸಿಂಗ್ ಹಚ್ಚಿ ಬೆಸೆಯುವುದರಲ್ಲೇ ಚೀಲದ ಕಾಲುಭಾಗ ಖರ್ಚಾಯಿತು.

ಒಂಬತ್ತರ ಮಗಳು ಮತ್ತು ಐದರ ಮಗ, ಇಬ್ಬರೂ ಅಕ್ಟೋಬರ್ 26ರ ಶನಿವಾರ ಬೆಳಿಗ್ಗೆ ಮೇಜಿನ ಮುಂದೆ ತೋಳು ಮಡಿಸಿಕೊಂಡು ಕುಳಿತರು. ಐಸಿಂಗಿನ ಚೀಲವನ್ನು ಕೈಯಲ್ಲಿ ಚೆನ್ನಾಗಿ ನಾದಿ ಮೆದು ಮಾಡಬೇಕೆಂದು ಡಬ್ಬದ ಮೇಲೆ ಬರೆದಿತ್ತು. ಮಗ ಅದನ್ನು ಚಪಾತಿ ಹಿಟ್ಟಿನಂತೆ ಎಷ್ಟು ನಾದಿದನೆಂದರೆ, ಚೀಲದ ಮೂತಿ ಕತ್ತರಿಸಿದೊಡನೆ ಐಸಿಂಗ್ ತಾನಾಗಿಯೇ ಇಳಿಯತೊಡಗಿತು. ತಿಪಟೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದು ನೋಡಿ, “ಎಳೆಯೇ ಬರ್ತಿಲ್ಲ ಕಣಮ್ಮ, ಇದು ಗೋಡೆ ಹಿಡಿಯೋ ಪಾಕ ಅಲ್ಲ” ಎಂದರು. ಐಸಿಂಗ್ ಗಟ್ಟಿಯಾಗುವುದು ಸಕ್ಕರೆ ಪಾಕ ಆರಿದಂತೆ ಅಲ್ಲ, ಅದರೊಳಗಿನ ನೀರು ಗಾಳಿಗೆ ಆರಿಹೋದ ಮೇಲೆ ಎಂದು ನಾನು ವಿವರಿಸಿದೆನಾದರೂ ಗೋಡೆ ನಿಲ್ಲಲಿಲ್ಲ ಎಂಬ ಮಟ್ಟಿಗೆ ಅವರ ಮಾತೇ ನಿಜವಾಯಿತು. ಕೊನೆಗೆ ಕಪಾಟಿನಿಂದ ನಾಲ್ಕು ಕಡಲೆಕಾಳಿನ ಡಬ್ಬಿಗಳನ್ನು ತಂದು ಪ್ರತಿ ಗೋಡೆಗೂ ಒಂದೊಂದನ್ನು ಒತ್ತುಕೊಟ್ಟು ನಿಲ್ಲಿಸಿದೆವು. ಗೋಡೆಗಳು ಆರಲು ಒಂದು ಗಂಟೆ ಬೇಕಾಯಿತು, ಚಾವಣಿ ಇಟ್ಟ ಮೇಲೆ ಇನ್ನೊಂದು ಗಂಟೆ. ಅಷ್ಟರಲ್ಲಿ ಮಗ ಅರ್ಧದಷ್ಟು ಮಿಠಾಯಿ ತಿಂದು ಮುಗಿಸಿ ಹೊರಗೆ ಸೈಕಲ್ ತುಳಿಯಲು ಹೋಗಿದ್ದ.

ಈ ಕಿಟ್ಟಿನ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಕಲಸುವುದು, ಪುಡಿ ಮಾಡುವುದು, ಉಂಡೆ ಕಟ್ಟುವುದು ಮುಂತಾದ ಮಕ್ಕಳಿಗೆ ಪ್ರಿಯವಾದ ಕೈಕೆಲಸವನ್ನೆಲ್ಲ ಕಾರ್ಖಾನೆಯೇ ಮುಗಿಸಿ, ನಡುಗದ ಕೈ ಮತ್ತು ತಾಳ್ಮೆ ಬೇಕಾದ ಗಾರೆಕೆಲಸವನ್ನು ಮಾತ್ರ ಮನೆಗೆ ಬಿಟ್ಟಿದೆ. ಆ ಕೆಲಸ ಸಹಜವಾಗಿಯೇ ದೊಡ್ಡವರ ಪಾಲಿಗೆ ಬೀಳುತ್ತದೆ. ಐದಕ್ಕೆ ಎರಡೂವರೆ ಅಂಕಕ್ಕಿಂತ ಹೆಚ್ಚು ಕೊಡಲಾರೆ, ಅದರಲ್ಲಿ ಒಂದೂವರೆ ಅಂಕ ಬಾಗಿಲಿಗೆ ಸಲ್ಲಬೇಕು.

ಬಾಗಿಲಿನ ವಿಷಯ ಹೀಗಿದೆ. ಬಂಗಲೆಯ ಬಾಗಿಲ ಮೇಲೆ ಏನು ಬರೆಯಲಿ ಎಂದು ಮಗಳು ಕೇಳಿದಾಗ ಅತ್ತೆಯವರು, ರಾತ್ರಿ ಬಾಗಿಲು ಬಡಿಯುವ ದೆವ್ವವನ್ನು ವಾಪಸು ಕಳುಹಿಸಲು ನಮ್ಮೂರುಗಳ ಮನೆಗಳ ಮೇಲೆ ಒಂದು ಕಾಲದಲ್ಲಿ ಬರೆಯುತ್ತಿದ್ದ “ನಾಳೆ ಬಾ” ಎಂಬ ಎರಡು ಪದಗಳ ಕಥೆ ಹೇಳಿದರು. ಭಾನುವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರಕ್ಕೆ ಮುಖ ಸಿಂಡರಿಸುವ ಹುಡುಗಿ, ಹಲ್ಲುಕಡ್ಡಿಯ ತುದಿಗೆ ಐಸಿಂಗ್ ಅದ್ದಿಕೊಂಡು ಕಾಲು ಗಂಟೆ ಉಸಿರು ಬಿಗಿಹಿಡಿದು ಅದನ್ನು ಬರೆದಳು. “ಳೆ” ಹರಡಿಕೊಂಡು ಜಿಲೇಬಿಯಂತಾಯಿತು, ಆದರೆ ಕನ್ನಡ ಬಲ್ಲವರಿಗೆ ಓದಲು ಬರುತ್ತಿತ್ತು. ಆ ವರ್ಷ ಹ್ಯಾಲೊವೀನ್ ದಿನವೇ ನರಕಚತುರ್ದಶಿಯೂ ಬಂದಿದ್ದರಿಂದ, ಹಬ್ಬದ ದಿನ ದೇವರ ಮುಂದಿನ ಮೇಜಿನಲ್ಲಿ ಭೂತಬಂಗಲೆ ಬೇಡವೆಂದು ಅತ್ತೆಯವರು ಅದನ್ನು ಫ್ರಿಜ್ಜಿನ ಮೇಲಕ್ಕೆ ಸಾಗಿಸಿದರು. ಮರುದಿನ ರಾಜ್ಯೋತ್ಸವಕ್ಕೆ ಮನೆಗೆ ಬಂದ ಕನ್ನಡಿಗರೆಲ್ಲ ಕತ್ತೆತ್ತಿ ಅದನ್ನು ಓದಿ ನಕ್ಕರು.

ಇನ್ನು ಪದಾರ್ಥಗಳ ಪಟ್ಟಿ. ಸಸ್ಯಾಹಾರಿಗಳು ಇದನ್ನು ಡಬ್ಬ ಕೊಂಡ ಮೇಲಲ್ಲ, ಅಂಗಡಿಯಲ್ಲೇ ಓದಬೇಕು. ನಮ್ಮ ಕಿಟ್ಟಿನ ಐಸಿಂಗಿನಲ್ಲಿ ಒಣಗಿಸಿದ ಮೊಟ್ಟೆಯ ಬಿಳಿಭಾಗವಿತ್ತು, ಮಿಠಾಯಿಯಲ್ಲಿ ಜೆಲಟಿನ್ ಇತ್ತು. ಹಂದಿ ಅಥವಾ ದನದ ಚರ್ಮ ಮತ್ತು ಮೂಳೆಗಳಿಂದ ತೆಗೆಯುವ ಜೆಲಟಿನ್, ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಸಾಮಾನ್ಯ ಮಿಠಾಯಿ, ಹುಳುವಿನಾಕಾರದ ಗಮ್ಮಿ ಮತ್ತು ಹ್ಯಾಲೊವೀನ್‌ನ ಮೂರು ಬಣ್ಣದ ಕ್ಯಾಂಡಿ ಕಾರ್ನ್‌ಗಳಲ್ಲೂ ಸಾಮಾನ್ಯವಾಗಿ ಇರುತ್ತದೆ. ಮಿಠಾಯಿಯ ಹೊಳಪಿಗೆ ಹಚ್ಚುವ “ಕನ್ಫೆಕ್ಷನರ್ಸ್ ಗ್ಲೇಜ್” ಎಂಬುದು ಅರಗಿನ ಕೀಟದಿಂದ ಬರುವ ನಮ್ಮ ಅರಗೇ. ಹಾಗೆಂದು ತಿಳಿಸಿದಾಗ ಅತ್ತೆಯವರು, ಪಾಂಡವರಿಗೆ ಕಟ್ಟಿಸಿದ ಮನೆಯನ್ನು ನೀನು 15 ಡಾಲರ್ ಕೊಟ್ಟು ತಂದೆಯಾ ಎಂದು ಕೇಳಿದರು.

ಅಲರ್ಜಿಯ ವಿಚಾರದಲ್ಲಿ ಅಮೆರಿಕದ ಲೇಬಲ್ ಒಂದು ಮಟ್ಟಿಗೆ ನಂಬಿಕೆಗೆ ಅರ್ಹ. 2004ರ ಕಾನೂನಿನ ಪ್ರಕಾರ ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಕಾಯಿ ಮುಂತಾದ ಎಂಟು ಪದಾರ್ಥಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. 2023ರಿಂದ ಎಳ್ಳು ಒಂಬತ್ತನೆಯದಾಗಿ ಸೇರಿದೆ. ಆದರೆ ಅದೇ ಕಾರ್ಖಾನೆಯಲ್ಲಿ ಕಡಲೆಕಾಯಿಯನ್ನೂ ಬಳಸುತ್ತಾರೆ ಎಂಬ ಎಚ್ಚರಿಕೆಯನ್ನು ಮುದ್ರಿಸುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು, ಹೀಗಾಗಿ ಎಚ್ಚರಿಕೆ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲ ಎಂದಾಗುವುದಿಲ್ಲ. ಪಕ್ಕದ ಮನೆಯ ಹುಡುಗನಿಗೆ ಕಡಲೆಕಾಯಿ ಆಗದು; ನಮ್ಮ ಕಿಟ್ಟಿನಲ್ಲಿ ಆ ಎಚ್ಚರಿಕೆ ಇದ್ದುದರಿಂದ ಅವನು ಬಂಗಲೆಯನ್ನು ನೋಡಿದನೇ ಹೊರತು ಮುಟ್ಟಲಿಲ್ಲ. ಇಂಥ ಮಕ್ಕಳಿಗೆ ತಿನ್ನದ ಉಡುಗೊರೆಗಳೂ ನಮ್ಮಲ್ಲಿವೆ ಎಂದು ಸೂಚಿಸಲು ಮನೆ ಮುಂದೆ ಹಸಿರುನೀಲಿ ಬಣ್ಣದ ಕುಂಬಳಕಾಯಿ ಇಡುವ ಕ್ರಮ 2014ರಿಂದ ಅಮೆರಿಕದಾದ್ಯಂತ ಹರಡಿದೆ. 2025ರಲ್ಲಿ ನಾವೂ ಒಂದನ್ನು ಇಟ್ಟೆವು.

ಆ ವರ್ಷದ ಬಿಡಿ ಸಾಮಾನಿನ ಪ್ರಯೋಗಕ್ಕೆ ಬರುತ್ತೇನೆ. ಮೊದಲು ಮಾಡಿದ್ದು ಸ್ಮಶಾನದ ಲೋಟ. ತಣ್ಣನೆಯ ಎರಡು ಕಪ್ ಹಾಲಿಗೆ ಒಂದು ಸಣ್ಣ ಪೊಟ್ಟಣ ಇನ್‌ಸ್ಟಂಟ್ ಚಾಕೊಲೇಟ್ ಪುಡ್ಡಿಂಗ್ ಪುಡಿ ಹಾಕಿ ಎರಡು ನಿಮಿಷ ಕಡೆದರೆ ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಕಾಯಿಸುವುದೇ ಬೇಕಿಲ್ಲ. ಬಾದಾಮಿ ಹಾಲಿನಲ್ಲಿ ಇದನ್ನು ಮಾಡಲು ಹೋಗಬಾರದು. ಹಸುವಿನ ಹಾಲಿನಷ್ಟು ಅದು ಗಟ್ಟಿಗೊಳ್ಳದೆ ಗಂಜಿಯಂತೆ ಉಳಿಯುತ್ತದೆ. ಮೇಲೆ ಹಾಕುವ ಮಣ್ಣೆಂದರೆ ಪುಡಿ ಮಾಡಿದ ಓರಿಯೊ. ಬಿಸ್ಕತ್ತುಗಳನ್ನು ಜಿಪ್ ಚೀಲದಲ್ಲಿ ತುಂಬಿ, ಗಾಳಿ ತೆಗೆದು, ಮಗನ ಕೈಗೆ ಲಟ್ಟಣಿಗೆ ಕೊಟ್ಟೆವು. ಹಿಂದಿನ ವರ್ಷ ಹತ್ತು ನಿಮಿಷ ಕೂರದೆ ಎದ್ದುಹೋಗಿದ್ದವನು ಅರ್ಧ ಗಂಟೆ ಕುಟ್ಟಿದ, ಸಾಕು ಎಂದರೂ ಬಿಡಲಿಲ್ಲ, ಚೀಲದ ಮೂಲೆಯಲ್ಲಿ ಉಳಿದ ಒಂದು ಹರಳನ್ನು ಬೆರಳಿನಿಂದ ಹುಡುಕಿ ಹುಡುಕಿ ಒಡೆದ. ಕಿಟ್ಟಿನಲ್ಲಿ ಕಾಣೆಯಾಗಿದ್ದದ್ದು ಈ ಕುಟ್ಟುವ ಸುಖ.

ಪ್ರೆಟ್ಜೆಲ್ ಎಂಬ ಗರಿಗರಿ ಉಪ್ಪು ಕಡ್ಡಿಗಳನ್ನು ಕಾಲುಗಳನ್ನಾಗಿ ಮಾಡಿ ಓರಿಯೊ ಜೇಡ ಮಾಡುವುದು ಸುಲಭ. ಸುಲಿದ ಪುಟ್ಟ ಕಿತ್ತಳೆಯ ನಡುವೆ ಸೆಲರಿಯ ತುಂಡು ಚುಚ್ಚಿದರೆ ಕುಂಬಳಕಾಯಿ ಆಯಿತು. ತೊಡಕಾದದ್ದು ಕರಗಿಸುವ ಬಿಳಿ ಕ್ಯಾಂಡಿ ಬಿಲ್ಲೆಗಳಲ್ಲಿ. ಬಟ್ಟಲನ್ನು ತೊಳೆದು ಒರೆಸದೆ ಬಿಲ್ಲೆ ಹಾಕಿದ್ದು ನನ್ನ ತಪ್ಪು. ತಳದಲ್ಲಿ ಉಳಿದ ನೀರಿನ ನಾಲ್ಕೈದು ಹನಿಗೆ ಸಕ್ಕರೆಯ ಕಣಗಳು ಅಂಟಿಕೊಂಡು, ನುಣ್ಣಗೆ ಕರಗಬೇಕಾದದ್ದು ಒಡೆದ ರವೆ ಉಪ್ಪಿಟ್ಟಿನಂತೆ ಮುದ್ದೆಯಾಯಿತು. ನೀರಿನಲ್ಲಿ ಕಲಸಿದ ಫುಡ್ ಕಲರ್ ಹಾಕಿದರೂ ಇದೇ ಗತಿ, ಎಣ್ಣೆಯಲ್ಲಿ ಬೆರೆಯುವ ಬಣ್ಣವೇ ಬೇಕು. ಒಣ ಬಟ್ಟಲಿನಲ್ಲಿ, ಮೈಕ್ರೊವೇವ್‌ನ ಅರ್ಧ ಶಕ್ತಿಯಲ್ಲಿ, 30 ಸೆಕೆಂಡಿಗೊಮ್ಮೆ ತೆಗೆದು ಕಲಕುತ್ತಾ ಎರಡನೆಯ ಸಲ ಕರಗಿಸಿದಾಗ ಸರಿಯಾಗಿ ಬಂತು.

ಕೊನೆಯದು ಅಕ್ಕಿಯ ಸೀರಿಯಲ್ ಮತ್ತು ಮಾರ್ಷ್‌ಮ್ಯಾಲೊದ ತುಂಡುಗಳು. ಕೆಲಾಗ್ ಕಂಪನಿಯ ಅಡುಗೆಮನೆಯಲ್ಲಿ 1939ರಲ್ಲಿ ರೂಪುಗೊಂಡ ಈ ತಿನಿಸಿಗೆ 3 ದೊಡ್ಡ ಚಮಚ ಬೆಣ್ಣೆ, 10 ಔನ್ಸ್ ಮಾರ್ಷ್‌ಮ್ಯಾಲೊ, 6 ಕಪ್ ಸೀರಿಯಲ್ ಎಂಬುದು ಈಗಿನ ಸಾಮಾನ್ಯ ಅಳತೆ. ನಾವು ಜೆಲಟಿನ್ ಇಲ್ಲದ ಮಾರ್ಷ್‌ಮ್ಯಾಲೊ ಬಳಸಿದೆವು. ಬೆಲೆ ಜಾಸ್ತಿ, ಕರಗಲು ಹೆಚ್ಚು ಹೊತ್ತು ಬೇಕು, ರುಚಿಯಲ್ಲಿ ಕೊರತೆಯಿಲ್ಲ. ಓವನ್ ಬೇಡವೆಂದರೆ ಬಿಸಿಯೇ ಇಲ್ಲವೆಂದು ತಿಳಿಯಬಾರದು: ಕರಗಿದ ಮಾರ್ಷ್‌ಮ್ಯಾಲೊ ಬೆಲ್ಲದ ಪಾಕದಷ್ಟೇ ನಿರ್ದಯವಾಗಿ ಚರ್ಮಕ್ಕೆ ಅಂಟಿ ಸುಡುತ್ತದೆ, ಆ ಹಂತ ದೊಡ್ಡವರದು. ಕೈ ತಾಳುವಷ್ಟು ಆರಿದ ಮೇಲೆ ಬೆಣ್ಣೆ ಸವರಿದ ಅಂಗೈಯಲ್ಲಿ ಮಕ್ಕಳು ಉಂಡೆ ಕಟ್ಟಿದರು. ಊರಿನಿಂದ ವಿಡಿಯೊ ಕರೆಯಲ್ಲಿ ನೋಡುತ್ತಿದ್ದ ಅತ್ತೆಯವರು, “ಇದು ನಮ್ಮ ಪುರಿ ಉಂಡೆ ಅಲ್ಲವೇನಮ್ಮ, ಬೇಗ ಬೇಗ ಕಟ್ಟಿಸು, ಆರಿದರೆ ಉದುರುತ್ತೆ” ಎಂದರು, ಹಾಗೆಯೇ ಕೊನೆಯ ನಾಲ್ಕು ಉದುರಿದವು. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾರ್ಷ್‌ಮ್ಯಾಲೊ ಮತ್ತು ಗಟ್ಟಿ ಮಿಠಾಯಿಗಳನ್ನು ಬಿಡಿಯಾಗಿ ಕೈಗೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ.

ಎಂಟು ದಾಟಿದ, ಬರೆಯುವ ಬಿಡಿಸುವ ಹುಚ್ಚಿರುವ ಮಕ್ಕಳಿಗೆ ಕಿಟ್ ಕೊಳ್ಳುವುದಾದರೆ ಹಿಂದಿನ ರಾತ್ರಿಯೇ ದೊಡ್ಡವರು ಗೋಡೆ, ಚಾವಣಿಗಳನ್ನು ನಿಲ್ಲಿಸಿ ಆರಲು ಬಿಡಬೇಕು. ಅಥವಾ ನವೆಂಬರ್ 1ರವರೆಗೆ ಕಾಯಬಹುದು, ಉಳಿದ ಡಬ್ಬಗಳು ಆಗ ಅರ್ಧ ಬೆಲೆಗೆ ಬರುತ್ತವೆ. 2025ರಲ್ಲಿ ನಾನು ಏಳೂವರೆ ಡಾಲರಿಗೆ ಒಂದನ್ನು ತಂದು, ಮನೆ ಕಟ್ಟದೆ, ಹಲಗೆಗಳನ್ನು ಬಟರ್ ಪೇಪರಿನ ಮೇಲೆ ಮಲಗಿಸಿ ಮಕ್ಕಳಿಗೆ ಕೊಟ್ಟೆ. ಈ ಸಲದ “ನಾಳೆ ಬಾ” ನೇರವಾಗಿ ಬಂತು. ಡಬ್ಬದಲ್ಲೇ ಮುರಿದಿದ್ದ ಒಂದು ಗೋಡೆಯನ್ನು ಮಗ ಕೇಳಿ ಪಡೆದು, ಉಳಿದಿದ್ದ ಪುಡ್ಡಿಂಗ್ ಲೋಟದಲ್ಲಿ ಸಮಾಧಿಯ ಕಲ್ಲಾಗಿ ನೆಟ್ಟ.