ಬ್ರೆಕೆನ್‌ರಿಜ್, ಲೆಡ್‌ವಿಲ್, ಸ್ಟೀಮ್‌ಬೋಟ್: ಒಂದೇ ಕಾಲೇಜಿನ ಮೂರು ಕ್ಯಾಂಪಸ್, ಯಾವುದು ಯಾರಿಗೆ?

ಕೊಲರಾಡೋದ ಬೆಟ್ಟದ ಊರುಗಳಿಗೆ ಕೆಲಸಕ್ಕೆ ಬಂದ ನಮ್ಮವರು ಆಗಾಗ ಕೇಳುತ್ತಾರೆ: "ಇಲ್ಲೇ ಇದ್ದುಕೊಂಡು ಡಿಗ್ರಿ ಮುಗಿಸಬಹುದಾ, ಇಲ್ಲ ಡೆನ್ವರ್‌ಗೇ ಇಳೀಬೇಕಾ?" ಇಲ್ಲೇ ಮುಗಿಸಬಹುದು. ಆದರೆ ಕೊಲರಾಡೋ ಮೌಂಟನ್ ಕಾಲೇಜಿನ ಯಾವ ಕ್ಯಾಂಪಸ್ ಹಿಡಿಯುತ್ತೀರಿ ಅನ್ನೋದನ್ನು ಸ್ವಲ್ಪ ಯೋಚಿಸಿ ಆರಿಸಿಕೊಳ್ಳಿ. ನಾನು ಬ್ರೆಕೆನ್‌ರಿಜ್ ಹತ್ತಿರದ ಫ್ರಿಸ್ಕೋ ಅನ್ನೋ ಊರಲ್ಲಿ ಮನೆ ಮಾಡಿಕೊಂಡು, ಹಗಲು ಹೋಟೆಲ್ ಕೆಲಸ ಮಾಡುತ್ತಾ, ಈ ಮೂರೂ ಕಡೆ ಓದಿ ನೋಡಿದ್ದೇನೆ. ನಡುವೆ ಆನ್‌ಲೈನ್ ಕ್ಲಾಸೂ ಆಯಿತು.

ಈ ಕಾಲೇಜು ಹುಟ್ಟಿದ್ದೇ ವೋಟಿನಿಂದ. 1965ರಲ್ಲಿ ಇಲ್ಲಿನ ಬೆಟ್ಟದ ಕೌಂಟಿಗಳ ಜನ ಮತ ಹಾಕಿ, ತಮ್ಮದೇ ಒಂದು ಕಾಲೇಜು ಜಿಲ್ಲೆ ಮಾಡಿಕೊಂಡರು. 1967ರಲ್ಲಿ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಹತ್ತಿರ ಮತ್ತು ಲೆಡ್‌ವಿಲ್‌ನಲ್ಲಿ ಪಾಠ ಶುರುವಾಯಿತು. ಈಗ ರೈಫಲ್‌ನಿಂದ ಸಲೀಡಾವರೆಗೆ ಹನ್ನೊಂದು ಕಡೆ ಹಬ್ಬಿದೆ. ಸಲೀಡಾ ಸೇರಿದ್ದು ಇತ್ತೀಚೆಗೆ, ಅದೂ ಅಲ್ಲಿಯ ಮತದಾರರು ಒಪ್ಪಿದ ಮೇಲೆ. ಜಿಲ್ಲೆಗೆ ಸೇರೋದು ಅಂದರೆ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಕಾಲೇಜಿಗೆ ಕೊಡೋದು. ಅದಕ್ಕೇ ಜಿಲ್ಲೆಯೊಳಗಿನವರಿಗೆ ಫೀಸು ಎಲ್ಲರಿಗಿಂತ ಕಡಿಮೆ. ನಾನು ಹೇಳುತ್ತಿರುವ ಮೂರು ಊರೂ ಇದೇ ಜಿಲ್ಲೆಯಲ್ಲಿವೆ. ಹಾಗಾಗಿ ಫೀಸು ನೋಡಿ ಕ್ಯಾಂಪಸ್ ಆರಿಸುವ ತಲೆನೋವು ಇಲ್ಲ. ವೀಸಾದಲ್ಲಿ ಇರುವವರು ಮಾತ್ರ ರೆಸಿಡೆನ್ಸಿ ನಿಯಮ (ಫೀಸಿನ ಲೆಕ್ಕಕ್ಕೆ ಯಾರು ಸ್ಥಳೀಯರು ಅನ್ನೋ ನಿಯಮ) ತಮಗೆ ಹೇಗೆ ಅನ್ವಯ ಆಗುತ್ತೆ ಅಂತ ಮೊದಲೇ ಕೇಳಿಕೊಳ್ಳಿ.

ಬಹಳ ಕಾಲ ಇಲ್ಲಿ ಸಿಗುತ್ತಿದ್ದದ್ದು ಎರಡು ವರ್ಷದ ಡಿಗ್ರಿ ಮತ್ತು ಸರ್ಟಿಫಿಕೇಟ್ ಅಷ್ಟೇ. ಮುಂದೆ ಓದಬೇಕಂದ್ರೆ ಗಂಟು ಮೂಟೆ ಕಟ್ಟಿ ಬೆಟ್ಟ ಇಳಿಯಬೇಕಿತ್ತು. 2010ರಲ್ಲಿ ರಾಜ್ಯ ಕಾನೂನು ಮಾಡಿ ನಾಲ್ಕು ವರ್ಷದ ಡಿಗ್ರಿ ಕೊಡಲು ಒಪ್ಪಿಗೆ ಕೊಟ್ಟಿತು. 2011ರಲ್ಲಿ ಬಿಸಿನೆಸ್ ಮತ್ತು ಸಸ್ಟೈನಬಿಲಿಟಿ ಶುರುವಾದವು. ಆಮೇಲೆ ನರ್ಸಿಂಗ್, ಟೀಚಿಂಗ್ ಬಂದವು. ಕಾರಣ ಸರಳ. ಸ್ಕೀ ಊರುಗಳಲ್ಲಿ ಮನೆ ಬಾಡಿಗೆ ಕೇಳಿದರೆ ಹೊರಗಿನಿಂದ ಬಂದ ನರ್ಸು, ಟೀಚರು ಹೆಚ್ಚು ದಿನ ನಿಲ್ಲಲ್ಲ. ಈಗಾಗಲೇ ಬೇರು ಬಿಟ್ಟವರನ್ನೇ ತಯಾರು ಮಾಡೋದು ಒಳ್ಳೇದು, ಅಲ್ವಾ?

ಆದರೆ ಒಂದು ಮಾತು ನೆನಪಿರಲಿ. ಕಾಲೇಜಿನ ಪಟ್ಟಿಯಲ್ಲಿ ಡಿಗ್ರಿ ಇದೆ ಅಂದ ಮಾತ್ರಕ್ಕೆ ಅದರ ಎಲ್ಲ ಕ್ಲಾಸೂ ನಿಮ್ಮ ಊರಿನ ಕಟ್ಟಡದಲ್ಲಿ ನಡೆಯುತ್ತೆ ಅಂತಲ್ಲ. ಸುಮಾರು 12,000 ಚದರ ಮೈಲಿಯ ಜಿಲ್ಲೆ ಇದು. ಎಲ್ಲವನ್ನೂ ಎಲ್ಲ ಕಡೆ ಇಡೋಕೆ ಸಾಧ್ಯವೂ ಇಲ್ಲ.

ನನಗೆ ಹತ್ತಿರದ್ದು ಬ್ರೆಕೆನ್‌ರಿಜ್. ಫ್ರಿಸ್ಕೋದಿಂದ ಹತ್ತು ಮೈಲಿ ಆಸುಪಾಸು, ಕೌಂಟಿಯ ಬಸ್ಸು ಪುಕ್ಕಟೆ. ಕೆಲಸ ಮುಗಿಸಿ, ಯೂನಿಫಾರ್ಮ್ ಮೇಲೇ ಜಾಕೆಟ್ ಹಾಕಿಕೊಂಡು ಸಂಜೆ ಕ್ಲಾಸಿಗೆ ಹೋಗಿ ಕೂತರಾಯಿತು. ಅಕ್ಕಪಕ್ಕ ಕೂತವರೂ ನನ್ನ ಹಾಗೇ ದುಡಿಯುವವರು. ಲಿಫ್ಟ್ ನಡೆಸುವವರು, ಅಡುಗೆಮನೆಯವರು, ಮಕ್ಕಳನ್ನು ಮಲಗಿಸಿ ಓಡಿ ಬಂದ ಅಮ್ಮಂದಿರು. ಅಕೌಂಟಿಂಗ್ ಪಾಠದಲ್ಲಿ ಬ್ರೇಕ್-ಈವನ್ ಲೆಕ್ಕ (ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನೋ ಹಂತ) ಬಂದಾಗ ರೆಸ್ಟೋರೆಂಟಿನವರೊಬ್ಬರು ತಮ್ಮ ಮೇ ತಿಂಗಳ ಖಾಲಿ ಟೇಬಲ್ಲುಗಳ ಉದಾಹರಣೆ ಕೊಟ್ಟರು. ಪುಸ್ತಕದ ಪುಟಕ್ಕಿಂತ ಅದೇ ಚೆನ್ನಾಗಿ ತಲೆಗೆ ಹೋಯಿತು. ಕಾಲೇಜು ಜೀವನ ಅನ್ನುವ ಗದ್ದಲ ಇಲ್ಲಿ ಕಡಿಮೆ. ಕ್ಲಾಸ್ ಮುಗಿದ ತಕ್ಷಣ ಎಲ್ಲರೂ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಮನೆ ಕಡೆ. ನನಗೆ ಅದು ಸರಿಹೋಯಿತು. ಹದಿನೆಂಟರ ಹುಡುಗ ಹುಡುಗಿಯರಿಗೆ ಸಪ್ಪೆ ಅನ್ನಿಸಬಹುದು.

ಲೆಡ್‌ವಿಲ್ ಇನ್ನೊಂದೇ ಲೋಕ. ಊರು ಇರುವುದೇ 10,000 ಅಡಿಗಿಂತ ಮೇಲೆ. ಕ್ಯಾಂಪಸ್ಸಿನ ಎದುರಿಗೆ ರಾಕಿ ಪರ್ವತಗಳಲ್ಲೇ ಅತಿ ಎತ್ತರದ ಎಲ್ಬರ್ಟ್ ಶಿಖರ. ಫ್ರಿಸ್ಕೋದಲ್ಲಿ ಒಗ್ಗಿದ ಶ್ವಾಸವೂ ಇಲ್ಲಿ ಮೆಟ್ಟಿಲು ಹತ್ತಿದರೆ ಸ್ವಲ್ಪ ತಕರಾರು ಮಾಡುತ್ತೆ. ದೂರ ಮೂವತ್ತು ಮೈಲಿ ಚಿಲ್ಲರೆ ಅಷ್ಟೇ, ಆದರೆ ನಡುವೆ 11,318 ಅಡಿಯ ಫ್ರೀಮಾಂಟ್ ಘಾಟಿ ಇದೆ. ತುದಿಯಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ತೆಗೆಯುವ ಕ್ಲೈಮ್ಯಾಕ್ಸ್ ಗಣಿ. ಗಾಳಿ ಬೀಸಿ ಹಿಮ ಅಡ್ಡ ಹಾರುವ ದಿನ ಮುಂದಿನ ಕಾರಿನ ಕೆಂಪು ದೀಪವೇ ದಾರಿ.

ಅಷ್ಟು ಕಷ್ಟಪಟ್ಟು ಯಾಕೆ ಹೋಗಬೇಕು? ಹಿಮವನ್ನು ಹಿಮದಲ್ಲೇ ಕಲಿಯೋಕೆ. ಸ್ಕೀ ಏರಿಯಾ ಆಪರೇಷನ್ಸ್, ಅವಲಾಂಚ್ ಸೈನ್ಸ್ (ಹಿಮಕುಸಿತದ ವಿಜ್ಞಾನ) ಥರದ ವಿಷಯಗಳು ಇಲ್ಲಿಯ ವಿಶೇಷ. ನಾನು ಸೇರಿದ್ದು ಹಿಮಕುಸಿತದ ಬಗ್ಗೆ ಒಂದು ಚಿಕ್ಕ ಕೋರ್ಸಿಗೆ. ಒಂದು ಬೆಳಿಗ್ಗೆ ನಮ್ಮ ಕೈಗೆ ಸಲಿಕೆ ಕೊಟ್ಟು ಇಳಿಜಾರಿನಲ್ಲಿ ಎದೆಮಟ್ಟ ಗುಂಡಿ ತೋಡಿಸಿದರು. ಗುಂಡಿಯ ಗೋಡೆಯನ್ನು ನಯವಾಗಿ ಕೆತ್ತಿ, ಮೇಲಿನಿಂದ ಕೆಳಗೆ ಬೆರಳಿಂದ ಒತ್ತುತ್ತಾ ಹೋದರೆ ಪದರ ಪದರವೂ ಗೊತ್ತಾಗುತ್ತೆ. ಮೇಲೆ ಮೆತ್ತಗೆ, ನಡುವೆ ಗಟ್ಟಿ, ಬುಡದಲ್ಲಿ ಹರಳು ಸಕ್ಕರೆಯ ಹಾಗೆ ಉದುರುವ ಹಿಮ. ಕೊಲರಾಡೋದ ಗೋಳೆಲ್ಲ ಈ ಬುಡದ ಪದರದಲ್ಲೇ ಇದೆ. ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ, ಒಣ ಚಳಿಗೆ ಹೀಗೆ ಹರಳಾಗುತ್ತೆ. ಹರಳು ಒಂದಕ್ಕೊಂದು ಅಂಟಲ್ಲ. ಮೇಲೆ ಎಷ್ಟೇ ಬಿದ್ದರೂ ಅಡಿಪಾಯ ಸಡಿಲವೇ.

ಆಮೇಲೆ ಪರೀಕ್ಷೆ. ಗುಂಡಿಯ ಗೋಡೆಯಿಂದ ಮೂವತ್ತು ಸೆಂಟಿಮೀಟರ್ ಚೌಕದ ಒಂದು ಹಿಮದ ಕಂಬವನ್ನು ಬಿಡಿಸಿ, ಮೇಲೆ ಸಲಿಕೆ ಇಟ್ಟು ತಟ್ಟಬೇಕು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ನಮ್ಮ ಕಂಬ ಮೊಣಕೈ ಹೊಡೆತ ಶುರುವಾದ ಸ್ವಲ್ಪಕ್ಕೇ ಬುಡದಲ್ಲಿ ಸರಕ್ಕನೆ ಜಾರಿತು. ಡ್ರಾಯರ್ ಎಳೆದಷ್ಟು ಸಲೀಸು! ಆವತ್ತು ಆ ಇಳಿಜಾರಿನ ಮೇಲ್ಭಾಗಕ್ಕೆ ಯಾರೂ ಹೋಗಲಿಲ್ಲ. ಇದನ್ನು ಯಾವ ವಿಡಿಯೋದಲ್ಲೂ ಕಲಿಯೋಕಾಗಲ್ಲ. ಲೆಡ್‌ವಿಲ್‌ಗೆ ಹೋಗುವವರು ಅಲ್ಲೇ ಹಾಸ್ಟೆಲ್ ಹಿಡಿಯೋದು ಜಾಣತನ. ದಿನಾ ಘಾಟಿ ದಾಟಿ ಓದ್ತೀನಿ ಅನ್ನೋದು ಅಕ್ಟೋಬರ್‌ನಲ್ಲಿ ಇರುವ ಹುರುಪು. ಜನವರಿಗೆ ಇಳಿಯುತ್ತೆ.

ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ನೋಡಿದರೆ ಮಾತ್ರ ಕಾಲೇಜು ಅನ್ನಿಸುತ್ತೆ. ಊರಿನ ಮೇಲಿನ ಗುಡ್ಡದಲ್ಲಿ ಕ್ಯಾಂಪಸ್, ಹಾಸ್ಟೆಲ್ ಇದೆ, ಹಗಲು ಹೊತ್ತು ಓಡಾಡುವ ವಿದ್ಯಾರ್ಥಿಗಳಿದ್ದಾರೆ, ಕೆಳಗೆ ಊರಾಚೆ ಹೌಲ್ಸನ್ ಹಿಲ್‌ನ ಸ್ಕೀ ಜಂಪ್ ಕಾಣುತ್ತೆ. ನಾನು ಒಂದು ಬೇಸಿಗೆ ಅವಧಿಗೆ ಅಲ್ಲೇ ರೂಮು ಮಾಡಿ ಬಿಸಿನೆಸ್ ವಿಷಯ ಓದಿದೆ. ಬ್ರೆಕೆನ್‌ರಿಜ್‌ನಲ್ಲಿ ವಾರಕ್ಕೊಂದು ಸಂಜೆ ಸಿಗುವ ಚರ್ಚೆ ಇಲ್ಲಿ ಊಟದ ಟೇಬಲ್ಲಿಗೂ ಬರುತ್ತೆ. ಗ್ರೂಪ್ ಪ್ರಾಜೆಕ್ಟ್ ಮಾಡೋಕೆ ಯಾರನ್ನೂ ಫೋನಿನಲ್ಲಿ ಹುಡುಕಬೇಕಿಲ್ಲ. ಹನ್ನೆರಡನೇ ತರಗತಿ ಮುಗಿಸಿದ ಮಗ ಮಗಳಿಗೆ ಕಾಲೇಜು ಹುಡುಕುತ್ತಿದ್ದರೆ ಮೂರರಲ್ಲಿ ನಾನು ತೋರಿಸೋದು ಇದನ್ನೇ. ನನ್ನಂಥವನಿಗೆ ಆಗಲ್ಲ. ಫ್ರಿಸ್ಕೋದಿಂದ ತೊಂಬತ್ತು ಮೈಲಿ ಮೇಲೆ, ಕೊನೆಗೆ ರ‍್ಯಾಬಿಟ್ ಇಯರ್ಸ್ ಘಾಟಿ ಬೇರೆ. ಓದಿಗಾಗಿ ಕೆಲಸ ಬಿಟ್ಟರೆ ಬಾಡಿಗೆ ಕಟ್ಟೋರು ಯಾರು?

ಆನ್‌ಲೈನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಇತಿಹಾಸ, ಇಂಗ್ಲಿಷ್ ಬರವಣಿಗೆಯಂಥವಕ್ಕೆ ಚೆನ್ನಾಗಿದೆ. ಅಂಕಿಸಂಖ್ಯೆ ಶಾಸ್ತ್ರಕ್ಕೆ ನನಗಂತೂ ಎದುರಿಗೆ ಬೋರ್ಡು, ಮೇಷ್ಟ್ರು ಬೇಕೇ ಬೇಕು. ಇದು ಅವರವರ ಸ್ವಭಾವ. ಆದರೆ ರಸ್ತೆ ಮುಚ್ಚಿದ ದಿನ ಅದರ ಬೆಲೆ ಗೊತ್ತಾಗುತ್ತೆ. 2021ರ ಬೇಸಿಗೆಯಲ್ಲಿ ಗ್ಲೆನ್‌ವುಡ್ ಕಣಿವೆಯಲ್ಲಿ ಮಣ್ಣು ಕುಸಿದು ಐ-70 ಹೆದ್ದಾರಿಯೇ ವಾರಗಟ್ಟಲೆ ಬಂದ್ ಆಗಿತ್ತು. ಹಿಂದಿನ ವರ್ಷದ ಕಾಡ್ಗಿಚ್ಚು ಇಳಿಜಾರನ್ನು ಬೋಳು ಮಾಡಿಟ್ಟಿತ್ತು.

ಡೆನ್ವರ್? ನಗರದ ಕಾಲೇಜುಗಳಲ್ಲಿ ಆಯ್ಕೆ ಹತ್ತು ಪಟ್ಟು, ಅದರಲ್ಲಿ ಎರಡು ಮಾತಿಲ್ಲ. ಎಂಜಿನಿಯರಿಂಗ್ ಬೇಕಂದ್ರೆ ಬೆಟ್ಟದಲ್ಲಿ ಒಂದೆರಡು ವರ್ಷ ಓದಿ, ಕ್ರೆಡಿಟ್ ವರ್ಗಾವಣೆ ಮಾಡಿಕೊಂಡು ಇಳಿಯೋದೇ ದಾರಿ. ರಾಜ್ಯದ ಸರ್ಕಾರಿ ಕಾಲೇಜುಗಳ ನಡುವೆ ಖಚಿತವಾಗಿ ವರ್ಗವಾಗುವ ಕೋರ್ಸುಗಳ ಪಟ್ಟಿಯೇ ಇದೆ. ಅದರಿಂದಲೇ ಆರಿಸಿಕೊಳ್ಳಿ. ಭಾನುವಾರ ಸಂಜೆ ಸ್ಕೀ ಮುಗಿಸಿ ಇಳಿಯುವ ಕಾರುಗಳ ಜೊತೆ ಐಸನ್‌ಹವರ್ ಸುರಂಗದ ಮುಂದೆ ನಿಂತವರಿಗೆ, ದಿನಾ ಹೋಗಿ ಬರುವ ಯೋಚನೆ ತಾನಾಗೇ ಬಿಟ್ಟು ಹೋಗುತ್ತೆ.

ನಾನು ಬ್ರೆಕೆನ್‌ರಿಜ್‌ಗೇ ವಾಪಸ್ ಬಂದೆ. ಮುಖ್ಯ ವಿಷಯಗಳು ಸಂಜೆ ಇಲ್ಲಿ, ಉಳಿದವು ಆನ್‌ಲೈನ್, ನಿಧಾನಕ್ಕೆ ಬಿಸಿನೆಸ್ ಡಿಗ್ರಿ ಸಾಗುತ್ತಿದೆ. ಹಿಮದ ಕೆಲಸಕ್ಕೇ ಹೋಗುವವರು ಕಣ್ಣುಮುಚ್ಚಿ ಲೆಡ್‌ವಿಲ್ ಹಿಡಿಯಿರಿ. ಸೇರುವ ಮುಂಚೆ ಸಲಹೆಗಾರರ ಹತ್ತಿರ ಕೂತು, ನಿಮ್ಮ ಡಿಗ್ರಿಯ ಮೂರನೇ ಮತ್ತು ನಾಲ್ಕನೇ ವರ್ಷದ ಕ್ಲಾಸುಗಳಲ್ಲಿ ಯಾವುದು ಯಾವ ಊರಲ್ಲಿ, ಯಾವ ಅವಧಿಯಲ್ಲಿ, ಹಗಲೋ ಸಂಜೆಯೋ ಅಂತ ಒಂದೊಂದಾಗಿ ಬರೆಸಿಕೊಳ್ಳಿ. ಮೊದಲ ವರ್ಷದ ವೇಳಾಪಟ್ಟಿ ಎಲ್ಲ ಕಡೆಯೂ ಚೆಂದವೇ ಇರುತ್ತೆ.