ಜ್ವರದ ನಡುವೆ ಮಾಡಿಸಿದ ವಿಟಮಿನ್ ಟೆಸ್ಟ್: ಐದರಲ್ಲಿ ಎರಡು ಸ್ಟಾರ್

ಮಂಗಳೂರಿನ ಕಂಕನಾಡಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದರೆ ರಾತ್ರಿ ಎಂಟರ ತನಕ ಟ್ಯೂಬ್‌ಲೈಟಿನ ಕೆಳಗೇ. ಜುಲೈಯಲ್ಲಿ ಫ್ಲೂ ಹಿಡಿಯಿತು. ಐದು ದಿನ ಜ್ವರ, ಮೂರು ವಾರ ಕೆಮ್ಮು. ಪಕ್ಕದ ಅಂಗಡಿಯ ಹುಡುಗಿಗೂ ಅದೇ ವಾರ ಬಂದಿತ್ತು. ಅವಳು ಮೂರೇ ದಿನದಲ್ಲಿ ಎದ್ದು ಕೆಲಸಕ್ಕೆ ಬಂದಳು. ಇದನ್ನು ದುಬೈಯಲ್ಲಿರುವ ತಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ಅಕ್ಕ, ನಿನಗೆ ವಿಟಮಿನ್ ಕಡಿಮೆ ಉಂಟು, ಅದಕ್ಕೇ ಇಷ್ಟು ಜೋರು" ಎಂದವನು ಅಲ್ಲಿಂದಲೇ ಒಂದು ಲ್ಯಾಬಿನ ಇಮ್ಯುನಿಟಿ ಪ್ಯಾಕೇಜ್ ಬುಕ್ ಮಾಡಿಬಿಟ್ಟ. 2,499 ರೂಪಾಯಿ. ಲ್ಯಾಬಿನ ಹೆಸರು ಬರೆಯುವುದಿಲ್ಲ, ಇಂಥ ಪ್ಯಾಕೇಜು ಈಗ ಸುಮಾರು ಕಡೆ ಸಿಗುತ್ತದೆ.

ರಕ್ತ ತೆಗೆಯಲು ಬಂದ ಹುಡುಗನ ಬಗ್ಗೆ ಎರಡು ಮಾತಿಲ್ಲ. ಸುರಿಯುವ ಮಳೆಯಲ್ಲಿ ಹೇಳಿದ ಹೊತ್ತಿಗೆ, ಏಳಕ್ಕೆ, ಬಾಗಿಲಲ್ಲಿ ನಿಂತಿದ್ದ. ರೈನ್‌ಕೋಟ್ ಹೊರಗೇ ಬಿಚ್ಚಿಟ್ಟ. ಒಂದೇ ಚುಚ್ಚಿಗೆ ನರ ಸಿಕ್ಕಿತು, ನೋವೇ ಗೊತ್ತಾಗಲಿಲ್ಲ. ಜಿಂಕ್ (ಸತು) ಅಳೆಯಲು ಕಡುನೀಲಿ ಮುಚ್ಚಳದ ಬೇರೆ ಟ್ಯೂಬ್ ತಂದಿದ್ದ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೇ ಜಿಂಕ್ ಸೇರಿ ಲೆಕ್ಕ ತಪ್ಪಬಹುದಂತೆ. ನನ್ನ ಮಗಳು ದೇರಳಕಟ್ಟೆಯಲ್ಲಿ ಎಂಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ, ಅವಳೇ ನೋಡಿ ಸರಿ ಎಂದು ತಲೆಯಾಡಿಸಿದಳು. ಎರಡು ಸ್ಟಾರ್ ಇದಕ್ಕೆ.

ಆದರೆ ನಾನು ಕೆಮ್ಮುತ್ತಲೇ ಕೈ ಚಾಚಿದ್ದೆ. ಮೈ ಇನ್ನೂ ಬಿಸಿ ಇತ್ತು. ಬುಕಿಂಗ್ ಫಾರಮಿನಲ್ಲಿ ಖಾಲಿ ಹೊಟ್ಟೆಯಾ ಎಂಬ ಪ್ರಶ್ನೆ ಉಂಟು, ಜ್ವರ ಉಂಟಾ ಎಂಬುದಿಲ್ಲ.

ಮರುದಿನ ವಾಟ್ಸ್‌ಆ್ಯಪಿಗೆ ರಿಪೋರ್ಟ್ ಬಂತು, ಹದಿನಾಲ್ಕು ಪುಟ. ಡಿ ವಿಟಮಿನ್ 14, ಕೆಂಪು. ಜಿಂಕ್ 58, ಕೆಂಪು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ತೋರಿಸುವ ಫೆರಿಟಿನ್ 310, ಅದೂ ಕೆಂಪು, ಪಕ್ಕದಲ್ಲಿ 'ಕಬ್ಬಿಣದಂಶ ಜಾಸ್ತಿ' ಎಂದು ಬೇರೆ. ಬಿ12 ಮಾತ್ರ ಹಸಿರು, ಮೀನಿನ ಪುಣ್ಯ. ಅರ್ಧ ಗಂಟೆಯೊಳಗೆ 'ನ್ಯೂಟ್ರಿಷನ್ ಕೌನ್ಸೆಲರ್' ಫೋನ್. ಮೂರು ತಿಂಗಳ ಮಾತ್ರೆ, 3,600 ರೂಪಾಯಿ, ಇವತ್ತೇ ತೆಗೆದುಕೊಂಡರೆ ಡಿಸ್ಕೌಂಟ್. ಅದರಲ್ಲಿ ಜಿಂಕ್ ದಿನಕ್ಕೆ 50 ಮಿಲಿಗ್ರಾಂ. ಫೋನಿನಲ್ಲಿ ಕೇಳಿಸಿಕೊಂಡ ಮಗಳಿಗೆ ಸಿಟ್ಟು ಬಂತು. ಡಾಕ್ಟರು ಹೇಳದೆ ದೊಡ್ಡವರು ದಿನಕ್ಕೆ 40 ಮೀರಬಾರದು, ಮೀರಿ ತಿಂಗಳುಗಟ್ಟಲೆ ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ ಎಂದಳು.

ನಮ್ಮ ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದೇ, "ರಕ್ತ ಕೊಟ್ಟ ದಿನ ಜ್ವರ ಇತ್ತಾ?" ಸೋಂಕು ಇರುವಾಗ ರಕ್ತದ ಜಿಂಕ್ ಲಿವರಿಗೆ ಸರಿಯುತ್ತದೆ, ರಕ್ತದಲ್ಲಿ ಇಳಿದ ಹಾಗೆ ಕಾಣುತ್ತದೆ. ಡಿ ಕೂಡ ಸ್ವಲ್ಪ ಇಳಿಯಬಹುದು. ಫೆರಿಟಿನ್ ಉಲ್ಟಾ, ಏರುತ್ತದೆ. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ನೆನೆಸಿದ ಕಾಟನ್ ಬಟ್ಟೆಯನ್ನು ಒಣಗುವ ಮೊದಲೇ ಅಳೆದು ಕತ್ತರಿಸಿದ ಹಾಗೆ.

ಹಾಗಾದರೆ ತಮ್ಮ ಹೇಳಿದ್ದು ಪೂರ್ತಿ ಸುಳ್ಳಾ? ಅದೂ ಅಲ್ಲ. ಕೋವಿಡ್ ಸಮಯದಲ್ಲಿ ಆಸ್ಪತ್ರೆಯಲ್ಲಿ ತುಂಬ ಸೀರಿಯಸ್ ಆದವರಲ್ಲಿ ಡಿ, ಜಿಂಕ್, ಸೆಲೆನಿಯಂ ಕಡಿಮೆ ಇದ್ದದ್ದು ಎಷ್ಟೋ ಕಡೆ ಕಂಡಿದೆ. ಆದರೆ ಕಡಿಮೆ ಇದ್ದದ್ದಕ್ಕೆ ಕಾಯಿಲೆ ಜೋರಾಯಿತೋ, ಕಾಯಿಲೆ ಜೋರಾದದ್ದಕ್ಕೆ ಕಡಿಮೆಯಾಯಿತೋ? ವಯಸ್ಸಾದವರಿಗೆ, ಮೈ ದಪ್ಪ ಇರುವವರಿಗೆ ಮೊದಲೇ ಡಿ ಕಡಿಮೆ ಇರುತ್ತದೆ, ವೈರಸ್ ಕಾಟವೂ ಅವರಿಗೇ ಜಾಸ್ತಿ. ರೋಗಿಗಳಿಗೆ, ಜನರಿಗೆ ಇವನ್ನೇ ಕೊಟ್ಟು ನೋಡಿದವರ ಲೆಕ್ಕವನ್ನು ಮಗಳು ಹುಡುಕಿ ತೋರಿಸಿದಳು. ಅಮೆರಿಕದಲ್ಲಿ 214 ಕೋವಿಡ್ ರೋಗಿಗಳ ಮೇಲೆ ಜಿಂಕ್, ಸಿ ವಿಟಮಿನ್ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು, ತಿಂದವರು ಬೇಗ ಗುಣವಾಗಲಿಲ್ಲ. ಬ್ರಿಟನ್ನಿನಲ್ಲಿ 6,200 ಜನರಲ್ಲಿ ಅರ್ಧದಷ್ಟು ಮಂದಿಗೆ ಡಿ ಟೆಸ್ಟ್ ಮಾಡಿಸಿ, ಕಡಿಮೆ ಇದ್ದವರಿಗೆ ಆರು ತಿಂಗಳು ಡಿ ಕೊಟ್ಟರು. ಆ ಗುಂಪಿನಲ್ಲಿ ಶೀತ-ಕೆಮ್ಮು, ಕೋವಿಡ್ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ಹೇಳಿದರು. ಪ್ಯಾಕೇಜಿನ ಹದಿನಾಲ್ಕು ಪುಟದಲ್ಲಿ ಇದರ ಸುದ್ದಿಯೇ ಇಲ್ಲ ಮಾರಾಯ್ರೆ. ಗುರಾಣಿ ಹಿಡಿದ ಸೂರ್ಯನ ಚಿತ್ರ ಮಾತ್ರ ಉಂಟು.

ಲ್ಯಾಬಿಗೆ ಫೋನ್ ಮಾಡಿ, ಜ್ವರದ ಬಗ್ಗೆ ಯಾಕೆ ಕೇಳುವುದಿಲ್ಲ ಎಂದೆ. "ಮೇಡಂ, ರಿಪೀಟ್ ಟೆಸ್ಟಿಗೆ ಇಪ್ಪತ್ತು ಪರ್ಸೆಂಟ್ ಆಫ್ ಕೊಡ್ತೇವೆ" ಎಂದರು.

ಆರು ವಾರ ಬಿಟ್ಟು, ಕೆಮ್ಮೆಲ್ಲ ಹೋದ ಮೇಲೆ, ಡಾಕ್ಟರು ಬರೆದುಕೊಟ್ಟ ಮೂರೇ ಟೆಸ್ಟನ್ನು ಬೇರೆ ಕಡೆ ಮಾಡಿಸಿದೆ. ಜಿಂಕ್ 84, ಒಂದೂ ಮಾತ್ರೆ ತಿನ್ನದೆ. ಫೆರಿಟಿನ್ 42. ಕಬ್ಬಿಣ ಜಾಸ್ತಿ ಎಂದು ಹೆದರಿ ಅಷ್ಟು ದಿನ ಬಸಳೆ ಬಿಟ್ಟದ್ದೇ ಬಂತು. ಡಿ ಮಾತ್ರ 17, ಅದು ನಿಜವಾಗಿಯೂ ಕಡಿಮೆಯೇ. ಬಿಸಿಲು ಕಾಣದ ಟ್ಯೂಬ್‌ಲೈಟಿನ ಬದುಕು, ಮೇಲಿಂದ ಜೂನ್, ಜುಲೈಯಲ್ಲಿ ಮೀನಿನ ಬೋಟುಗಳಿಗೆ ರಜೆ, ಡಿ ಸಿಗುವ ಬೂತಾಯಿ, ಬಂಗುಡೆ ಮೀನಿಗೆ ಕೈ ಹಾಕುವ ಹಾಗಿಲ್ಲ. ಡಾಕ್ಟರು ವಾರಕ್ಕೊಂದರಂತೆ ಎಂಟು ವಾರ 60,000 ಯುನಿಟ್ಟಿನ ಡಿ ಪುಡಿ ಬರೆದುಕೊಟ್ಟರು. ಇದು ಎಲುಬಿಗೆ, ಮುಂದಿನ ಮಳೆಗಾಲದ ಕೆಮ್ಮಿಗೆ ಗ್ಯಾರಂಟಿ ಅಲ್ಲ ಎಂದೂ ಹೇಳಿದರು. ಆದಿತ್ಯವಾರ ಊಟವಾದ ಮೇಲೆ ಹಾಲಿಗೆ ಹಾಕಿ ಕುಡಿಯುತ್ತೇನೆ. ಇನ್ನೂ ಮೂರು ಪೊಟ್ಟಣ ಬಾಕಿ ಉಂಟು.