ಐದು ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರು, ಚಿಲ್ಲರೆಯಲ್ಲಿ ವಾಪಸ್ ತೆಗೆದುಕೊಂಡರು

ಮಂಗಳೂರಿನ ಹೊರವಲಯದ ಒಂದು ಮಕ್ಕಳ ನಿಲಯಕ್ಕೆ ನಾವು ಕೆಲವು ಗೆಳೆಯರು ಸೇರಿ ಪ್ರತಿ ಮೇ ತಿಂಗಳಲ್ಲಿ ಗಿಫ್ಟ್ ವೋಚರ್ ತೆಗೆದುಕೊಡುತ್ತೇವೆ. ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಚಪ್ಪಲಿ, ಕೊಡೆ, ಬ್ಯಾಗು, ಎರಡು ಜೊತೆ ಒಳಬಟ್ಟೆ ಎಲ್ಲ ಒಂದೇ ವಾರದಲ್ಲಿ ಆಗಬೇಕು. ಹಂಪನಕಟ್ಟೆ ಕಡೆಯ ಒಂದು ದೊಡ್ಡ ಅಂಗಡಿಯ ವೋಚರನ್ನೇ ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಹೆಸರು ಬೇಡ, ಊರಿನವರಿಗೆ ಗೊತ್ತಾದೀತು.

ಸಗಟಾಗಿ ತೆಗೆದುಕೊಂಡರೆ ಶೇ 5 ರಿಯಾಯಿತಿ ಎನ್ನುತ್ತಾರೆ. ಅದು ದುಡ್ಡಿನಲ್ಲಿ ಕಡಿತ ಅಲ್ಲ. 50,000 ರೂಪಾಯಿ ಕಟ್ಟಿದರೆ 52,500ರ ವೋಚರ್ ಕೈಗೆ ಬರುತ್ತದೆ. ನಮ್ಮ ಖಜಾಂಚಿ ಬ್ಯಾಂಕಿನಿಂದ ನಿವೃತ್ತರಾದವರು, ಕೂಡಲೇ ಪೆನ್ನು ತೆಗೆದು ‘ಇದು ಐದಲ್ಲ, 4.76’ ಅಂದರು. ಇರಲಿ, ಆ 2,500ಕ್ಕೆ ಆರೇಳು ಮಕ್ಕಳ ಕೊಡೆ ಆಗುತ್ತದೆ.

ತಕರಾರು ಇರುವುದು ಚಿಲ್ಲರೆಯದ್ದು. ನಮಗೆ ಕೊಡುತ್ತಿದ್ದ ವೋಚರ್ ಎಲ್ಲ 500ರದ್ದು. ಒಮ್ಮೆ ಕೌಂಟರಿನಲ್ಲಿ ಕೊಟ್ಟರೆ ಮುಗಿಯಿತು, ಉಳಿದ ಹಣ ವಾಪಸ್ ಇಲ್ಲ, ಮುಂದಿನ ಸಲಕ್ಕೆ ಜಮಾ ಆಗುವುದೂ ಇಲ್ಲ. 430ರ ಚಪ್ಪಲಿ ತೆಗೆದುಕೊಂಡ ಹುಡುಗನ 70 ರೂಪಾಯಿ ಅಲ್ಲಿಗೇ ಹೋಯಿತು. ಅಂದರೆ ಶೇ 14! ಐದು ಕೊಟ್ಟು ಹದಿನಾಲ್ಕು ಕಿತ್ತುಕೊಳ್ಳುವುದಕ್ಕೆ ರಿಯಾಯಿತಿ ಅಂತ ಹೆಸರು ಬೇರೆ. ಮ್ಯಾನೇಜರ್ ಹತ್ತಿರ ಕೇಳಿದರೆ ‘ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ಸರ್’ ಎಂಬ ಒಂದೇ ಉತ್ತರ. ಇಷ್ಟು ಸಾಲದು ಎಂಬಂತೆ ಆಫರ್ ಚೀಟಿ ಹಚ್ಚಿದ ಮಾಲಿಗೆ ವೋಚರ್ ನಡೆಯುವುದಿಲ್ಲ. ಮೇ ಕೊನೆಯಲ್ಲಿ ಮಕ್ಕಳ ಸಾಮಾನಿಗೆಲ್ಲ ಆ ಚೀಟಿ ಇರುತ್ತದೆ, ಮಾರಾಯ್ರೆ.

ಅವಧಿ ಆರೇ ತಿಂಗಳು. ಎಲ್ಲ ಕಡೆ ಬಳಸಬಹುದಾದ ಗಿಫ್ಟ್ ಕಾರ್ಡಿಗಾದರೆ ರಿಸರ್ವ್ ಬ್ಯಾಂಕಿನ ನಿಯಮ ಉಂಟು: ಒಂದು ಕಾರ್ಡಿಗೆ 10,000ದ ಮಿತಿ, ಕನಿಷ್ಠ ಒಂದು ವರ್ಷದ ಅವಧಿ. ಅಂಗಡಿಯವರು ತಮ್ಮ ಮಾಲಿಗೇ ಕೊಡುವ ವೋಚರ್ ಆ ನಿಯಮದೊಳಗೆ ಬರುವುದಿಲ್ಲ. ಹಾಗಾಗಿ ಹಿಂಬದಿಯ ಸಣ್ಣಕ್ಷರ ಓದದೆ ದುಡ್ಡು ಕಟ್ಟಬೇಡಿ.

ಒಂದು ವರ್ಷ ಅಂಗಡಿಯವರಿಂದ ಇನ್ನೊಂದು ಮಾತು ಬಂತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕಲು ಬಿಟ್ಟರೆ ಇನ್ನೂ ಎರಡು ಪರ್ಸೆಂಟ್ ಹೆಚ್ಚು ಕೊಡುತ್ತಾರಂತೆ. ನಿಲಯದ ಮೇಡಂ ಕೇಳಿದ ತಕ್ಷಣ ಆಗುವುದಿಲ್ಲ ಅಂದರು. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಪತ್ರಿಕೆ, ಮಾಧ್ಯಮದಲ್ಲಿ ಬರುವಂತಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಯಾಕೆ ಅಲ್ಲಿಗೇ ಹೋಗುತ್ತೀರಿ ಎಂದರೆ ಎರಡು ಕಾರಣ. ಒಂದು, ಕೌಂಟರಿನ ಹುಡುಗಿ. ‘ನಾಲ್ಕು ಮಕ್ಕಳದ್ದು ಒಟ್ಟಿಗೆ ಬಿಲ್ ಮಾಡುವ ಸರ್’ ಎಂದು ದಾರಿ ತೋರಿಸಿದ್ದು ಅವಳೇ. 1,940 ಆದರೆ ಉಳಿದ 60ಕ್ಕೆ ಕ್ಲಿಪ್ಪೋ ಕರ್ಚೀಫೋ ತಾನೇ ಹುಡುಕಿ ತಂದು ಸೇರಿಸುತ್ತಾಳೆ. ಮ್ಯಾನೇಜರಿಗೆ ಹೊಳೆಯದ್ದು ಇವಳಿಗೆ ಹೊಳೆಯಿತು.

ಇನ್ನೊಂದು, ಆರಿಸುವ ಸಂಭ್ರಮ. ಮೊದಲು ನಾವೇ ಅಳತೆ ಬರೆದುಕೊಂಡು ಸಗಟಾಗಿ ತಂದು ಹಂಚುತ್ತಿದ್ದೆವು, ಎಲ್ಲರಿಗೂ ಒಂದೇ ಕಪ್ಪು ಚಪ್ಪಲಿ. ಈಗ ಹಿಂದಿನ ರಾತ್ರಿ ಕೂತು ವೋಚರಿನ ನಂಬರ್ ಬರೆದುಕೊಂಡು, ಲಕೋಟೆಯ ಮೇಲೆ ಒಬ್ಬೊಬ್ಬರ ಹೆಸರು ಬರೆದು ಅವರ ಕೈಗೇ ಕೊಡುತ್ತೇವೆ. ಕಳೆದ ವರ್ಷ ಏಳನೇ ಕ್ಲಾಸಿನ ಒಬ್ಬ ಸ್ಯಾಂಡಲ್ ಹಾಕಿ, ಹೆಬ್ಬೆರಳಿನ ಜಾಗ ಒತ್ತಿ ನೋಡಿ, ಟೈಲ್ಸ್ ಮೇಲೆ ಆಚೆ ಈಚೆ ನಡೆದು, ಬೇಡ ಎಂದು ತೆಗೆದಿಟ್ಟ. ಮತ್ತೆ ಇನ್ನೊಂದು, ಮತ್ತೆ ಮಗದೊಂದು. ಸೇಲ್ಸ್‌ಮ್ಯಾನ್ ಮುಖ ಗಂಟಿಕ್ಕಿತು. ಹುಡುಗ ಅತ್ತ ನೋಡಲೇ ಇಲ್ಲ. ಬೇಡ ಅನ್ನುವ ಅವಕಾಶ ಅವನಿಗೆ ಎಷ್ಟು ಸಲ ಸಿಗುತ್ತದೆ ಹೇಳಿ. ಈ ಒಂದಕ್ಕೆ ನಾನು ಚಿಲ್ಲರೆ ಜಗಳ ಅರ್ಧ ಮರೆತೆ. ಐದಕ್ಕೆ ಮೂರು ನಕ್ಷತ್ರ, ಅದರಲ್ಲಿ ಒಂದು ಆ ಹುಡುಗಿಯದ್ದು.

ತೆರಿಗೆ ವಿನಾಯಿತಿ ಬೇಕಾದವರು ಗಮನಿಸಿ: ವಸ್ತು ರೂಪದ ದಾನಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ. ನೋಂದಾಯಿತ ಸಂಸ್ಥೆಯ ಖಾತೆಗೆ ಹಣ ಹಾಕಿ ಅವರೇ ವೋಚರ್ ತೆಗೆದುಕೊಳ್ಳುವುದು ಒಳ್ಳೆಯದು. ಮತ್ತೆ, 100ರ ವೋಚರ್ ಇಲ್ಲ ಎಂದರೆ ನಂಬಬೇಡಿ, ಉಂಟು. ಈ ವರ್ಷ ಜಗಳ ಮಾಡಿ ಅರ್ಧ ಮೊತ್ತಕ್ಕೆ 100ರದ್ದೇ ತಂದೆವು. ಮೇ ಮೊದಲ ವಾರವೇ ಲೆಟರ್‌ಹೆಡ್ ಹಿಡಿದು ಹೋಗಿ. ಶಾಲೆ ಶುರುವಾಗುವ ಹೊತ್ತಿಗೆ ಅವರಿಗೆ ನಿಮ್ಮ ಹತ್ತಿರ ಮಾತಾಡಲು ಪುರುಸೊತ್ತು ಇರುವುದಿಲ್ಲ.